ಲಕ್ಕಲಕಟ್ಟಿ: ಹೊಲದಾಗ ಕಡಿಮೆಯಾದ ಅಗಸಿ ಹಿತ್ತಲದಾಗಾದ್ರೂ ಉಳೀಲಿ

ಗಜೇಂದ್ರಗಡ: ಅಗಸಿ ಅಂದ್ರೆ ನಮ್ಮ ಕಡೆ ಎರಡು ಅರ್ಥ. ಒಂದು ಊರ ಅಗಸಿ ಬಾಗಿಲು, ಇನ್ನೊಂದು ರೊಟ್ಟಿ ಜೊತೆ ಹಚ್ಚಿಕೊಂಡು ತಿನ್ನೋ ಅಗಸಿ ಹಿಂಡಿ. ಈ ಎರಡನೇ ಅಗಸಿಯ ಗಿಡ ನೋಡಿದ ಹುಡುಗರು ಈಗ ಕಡಿಮೆ. ಕಿರಾಣಿ ಅಂಗಡಿಯ ಪಾಕೀಟಿನಲ್ಲಿ ಕಂದು ಕಾಳು ಕಂಡಿದ್ದಾರೆ, ಅದರ ನೀಲಿ ಹೂ ಕಂಡಿಲ್ಲ.

ಲಕ್ಕಲಕಟ್ಟಿ ಸೇರಿದಂತೆ ರೋಣ, ಗಜೇಂದ್ರಗಡ ಭಾಗದ ಎರಿ ಹೊಲಗಳಲ್ಲಿ ಹಿಂಗಾರಿ ಜೋಳ, ಕುಸುಬಿ, ಕಡಲಿ ಜೊತೆ ಅಗಸಿಯನ್ನು ಅಕ್ಕಡಿ ಸಾಲಾಗಿ ಬಿತ್ತುವ ರೂಢಿ ಇತ್ತು. ಕಡಲಿಯೊಂದನ್ನೇ ಹೊಲ ತುಂಬ ಬಿತ್ತುವುದು ಹೆಚ್ಚಾದಂತೆ ಅಕ್ಕಡಿ ಸಾಲು ಕಡಿಮೆಯಾಯಿತು. ಸಾಲು ಹೋದ ಮೇಲೆ ಮನೆಬೀಜವೂ ಹೋಯಿತು. ಹೊಲ ಇಲ್ಲದವರೂ ಹಿತ್ತಲಲ್ಲಿ ಅಥವಾ ಅಂಗಡಿ ಮುಂದಿನ ಕುಂಡಿಯಲ್ಲಿ ಇದನ್ನು ಬೆಳೆಯಬಹುದು.

ಯಾವಾಗ ಬಿತ್ತಬೇಕು?

ಅಗಸಿ ಚಳಿಗಾಲದ ಗಿಡ. ಅಕ್ಟೋಬರ್‌ನಲ್ಲಿ, ಅಂದ್ರೆ ಚಿತ್ತಾ ಮಳೆ ಹೊತ್ತಿಗೆ ಬಿತ್ತಿದರೆ ಉತ್ತಮ. ನವೆಂಬರ್ ಮೊದಲ ವಾರ ದಾಟಿಸಬೇಡಿ. ತಡವಾದಷ್ಟೂ ಮೊಗ್ಗು ನೊಣದ ಕಾಟ ಜಾಸ್ತಿ. ಇದರ ಹುಳು ಮೊಗ್ಗಿನ ಒಳಗೇ ತಿನ್ನುತ್ತದೆ, ಆ ಮೊಗ್ಗು ಅರಳುವುದೇ ಇಲ್ಲ.

ಬಿತ್ತೋದು ಹೆಂಗ?

ಬಿಸಿಲು ಚೆನ್ನಾಗಿ ಬೀಳೋ ಜಾಗ ಆರಿಸಿ. ಮಣ್ಣು ಸಡಿಲ ಮಾಡಿ ಚೆನ್ನಾಗಿ ಕೊಳೆತ ತಿಪ್ಪಿಗೊಬ್ಬರ ಸ್ವಲ್ಪ ಕೂಡಿಸಿ. ಯೂರಿಯಾ ಜಾಸ್ತಿ ಹಾಕಿದರೆ ಗಿಡ ಉದ್ದ ಬೆಳೆದು ನೆಲಕ್ಕೆ ಬೀಳುತ್ತದೆ.

ಬೀಜ ನೆನೆ ಹಾಕಬೇಡಿ. ನೀರು ತಾಗಿದರೆ ಅಗಸಿ ಲೋಳೆ ಬಿಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಣ ಉಸುಕು ಬೆರೆಸಿ, ಒಂದು ಅಡಿಗೊಂದು ಸಾಲಿನಂತೆ, ಒಂದು ಇಂಚು ಆಳಕ್ಕೆ ಬಿಡಿ. ಸುಮಾರು ಒಂದು ವಾರದಲ್ಲಿ ಮೊಳಕೆ ಬರುತ್ತದೆ. ದಟ್ಟ ಆದಲ್ಲಿ ಕಿತ್ತು, ಗಿಡದಿಂದ ಗಿಡಕ್ಕೆ ಎರಡು-ಮೂರು ಇಂಚು ಜಾಗ ಉಳಿಸಿ. ಕಿತ್ತ ಸಸಿ ಬೇರೆ ಕಡೆ ಹಚ್ಚಿದರೆ ಹಿಡಿಯುವುದು ಕಷ್ಟ, ಇದರದು ನೇರ ಇಳಿಯುವ ತಾಯಿಬೇರು. ಕುಂಡಿ ಆದರೆ ಒಂದು ಅಡಿ ಆಳದ್ದಿರಲಿ, ಐದಾರು ಗಿಡ ಸಾಕು.

ಅಂಗಡಿಯಿಂದ ತಂದ ಕಾಳು ಹುರಿಯದೇ ಇದ್ದರೆ, ಹಳೇದಾಗಿರದಿದ್ದರೆ ಮೊಳೆಯುತ್ತದೆ. ಆದರೆ ಔಷಧ ಹಚ್ಚಿದ ಬಿತ್ತನೆ ಬೀಜ ಉಳಿಯಿತೆಂದು ಹಿಂಡಿಗೆ ಬಳಸಲೇಬೇಡಿ.

ನೀರು, ಆರೈಕೆ

ಎರಿ ಮಣ್ಣಲ್ಲಿ ಹಸಿ ಇದ್ದರೆ ನೀರಿನ ಗೊಡವೆ ಕಡಿಮೆ. ತಿಂಗಳಿಗೊಮ್ಮೆ, ಮತ್ತೆ ಹೂ ಬಿಡುವಾಗೊಮ್ಮೆ ಕೊಟ್ಟರೆ ಆಯಿತು. ಮಸಾರಿ ಮಣ್ಣು, ಕುಂಡಿಗೆ ಮಣ್ಣು ಒಣಗಿದಾಗಷ್ಟೇ ಹಾಕಿ, ನೀರು ನಿಲ್ಲಬಾರದು. ಮೊದಲ ತಿಂಗಳು ಕಸ ತೆಗೆಯಲೇಬೇಕು, ಎಳೆ ಅಗಸಿ ಕಸದ ಜೊತೆ ಜಿದ್ದಿಗೆ ಬಿದ್ದು ಗೆಲ್ಲುವುದಿಲ್ಲ. ಗಿಡ ಸೊರಗಿ ಸತ್ತರೆ ಕಿತ್ತು ಸುಡಿ, ಮುಂದಿನ ವರ್ಷ ಜಾಗ ಬದಲಿಸಿ.

ದನ ಇದ್ದವರು ಗಮನಿಸಿ

ಹಸಿ ಅಗಸಿ ಗಿಡ, ಎಳೆ ಕಾಯಿಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ದನ ಸಾಮಾನ್ಯವಾಗಿ ಇದನ್ನು ಇಷ್ಟಪಡುವುದಿಲ್ಲ. ಆದರೆ ಹಸಿದ ದನ, ಆಡು ಜಾಸ್ತಿ ಮೇಯ್ದರೆ ಜೀವಕ್ಕೇ ಅಪಾಯ. ಮೇಯ್ದದ್ದು ಗೊತ್ತಾದರೆ ಮನೆಮದ್ದು ಮಾಡುತ್ತ ಕೂಡದೆ ತಕ್ಷಣ ಪಶುವೈದ್ಯರನ್ನು ಕರೆಯಿರಿ.

ಕೊಯ್ಲು, ಮನೆಬೀಜ

ಸುಮಾರು ನಾಲ್ಕು ತಿಂಗಳಿಗೆ ಕಾಯಿ ಕಂದು ಬಣ್ಣಕ್ಕೆ ತಿರುಗಿ, ಅಲುಗಾಡಿಸಿದರೆ ಗಿಲಿಗಿಲಿ ಅನ್ನುತ್ತವೆ. ಕಿತ್ತು ಒಣಗಿಸಿ ಕೋಲಿನಿಂದ ಬಡಿಯಿರಿ. ಒಂದು ಕಾಯಲ್ಲಿ ಹೆಚ್ಚೆಂದರೆ ಹತ್ತು ಕಾಳು. ಕುಂಡಿಯ ಬೆಳೆಯಿಂದ ವರ್ಷದ ಹಿಂಡಿ ಆಗುವುದಿಲ್ಲ, ಆದರೆ ಮುಂದಿನ ವರ್ಷದ ಬಿತ್ತನೆಗೆ ಧಾರಾಳ ಸಾಕು. ಅಗಸಿ ಬಹುಮಟ್ಟಿಗೆ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಬೇಗ ಕೆಡುವುದಿಲ್ಲ. ವರ್ಷವರ್ಷ ಬೀಜ ಕೊಳ್ಳುವ ಖರ್ಚಿಲ್ಲ. ಒಣ ಡಬ್ಬಿಯಲ್ಲಿಟ್ಟು, ಕೇಳಿದವರಿಗೆ ಒಂದು ಹಿಡಿ ಕೊಟ್ಟರೆ ಊರಲ್ಲಿ ಬೀಜ ಉಳಿಯುತ್ತದೆ.

ಕಾಳಿನ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ-3 ಕೊಬ್ಬಿನಾಂಶ. ಗಾಳಿ ತಾಗಿದರೆ ಇದೇ ಎಣ್ಣೆ ಬೇಗ ಕಮಟುತ್ತದೆ. ಅದಕ್ಕೇ ಇಡೀ ಕಾಳು ಇಟ್ಟುಕೊಂಡು, ಹಿಂಡಿಯನ್ನು ಹದಿನೈದು ದಿನಕ್ಕಾಗುವಷ್ಟೇ ಕುಟ್ಟಿಕೊಳ್ಳುವುದು ಒಳ್ಳೇದು.

ಕಡೇ ಮಾತು: ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವ ದಿನಗಳಲ್ಲೇ ಅಗಸಿ ಹೂ ಬಿಟ್ಟಿರುತ್ತದೆ. ಬೆಳಿಗ್ಗೆ ಅರಳಿದ ಹೂ ಮಧ್ಯಾಹ್ನದ ಹೊತ್ತಿಗೆ ಉದುರುತ್ತದೆ, ಮರುದಿನ ಬೇರೆ ಹೂ. ಸಂಜೆ ನೋಡಿ ‘ಗಿಡ ಹೂ ಬಿಟ್ಟಿಲ್ಲ’ ಅನ್ನಬೇಡ್ರಿ, ಮುಂಜಾನೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ನೋಡ್ರಿ.