ಸೋರುವ ಗಾಳಿಯಂತ್ರ: ದುರಸ್ತಿಯೋ, ಬದಲಾವಣೆಯೋ?

ಮನೆಯಲ್ಲಿ ಬಹುಕಾಲ ದುಡಿದ ಯಂತ್ರವೊಂದು ಕೆಟ್ಟು ನಿಂತಾಗ ಅದನ್ನು ದುರಸ್ತಿ ಮಾಡಿಸಬೇಕೋ, ಹೊಸದನ್ನು ತರಬೇಕೋ ಎಂಬ ಪ್ರಶ್ನೆ ಪ್ರತಿಯೊಂದು ಕುಟುಂಬದಲ್ಲಿಯೂ ಒಂದಿಲ್ಲೊಂದು ದಿನ ಏಳುತ್ತದೆ. ಹೊಲಿಗೆಯಂತ್ರ, ಗ್ರೈಂಡರು, ನೀರೆತ್ತುವ ಮೋಟಾರುಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ಹಣದ ಲೆಕ್ಕಾಚಾರ. ಗಾಳಿ ತುಂಬುವ ಕಂಪ್ರೆಸರಿನ ವಿಷಯ ಹಾಗಲ್ಲ. ಅಲ್ಲಿ ಹಣದ ಲೆಕ್ಕಕ್ಕಿಂತ ಮೊದಲು ಮನೆಮಂದಿಯ ಸುರಕ್ಷತೆಯ ಲೆಕ್ಕವನ್ನು ಮಾಡಬೇಕಾಗುತ್ತದೆ. ಈ ಮಾತನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ಮಾನ್ವಿಯ ನಮ್ಮ ಮನೆಯ ಅಂಗಳದಲ್ಲಿಯೇ ಕಲಿತದ್ದು.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಮ್ಮ ರಾಯಚೂರು ಸೀಮೆಯಲ್ಲಿ ಕಾಲುವೆಯ ನೀರು ಬಂದಂತೆ ಟ್ರ್ಯಾಕ್ಟರುಗಳೂ ಬಂದವು. ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆಯ ಕಾಲುವೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆಯ ಕಾಲುವೆ. ಭತ್ತ, ಹತ್ತಿ ಹೇರಿಕೊಂಡು ಹೊರಟ ಟ್ರ್ಯಾಕ್ಟರಿನ ಗಾಲಿಯಲ್ಲಿ ಜಾಲಿಮುಳ್ಳು ನೆಟ್ಟರೆ ಪಟ್ಟಣದವರೆಗೆ ಹೋಗುವುದು ಕಷ್ಟ. ಆದ್ದರಿಂದ ಪಂಕ್ಚರ್ ಅಂಗಡಿಯವರಲ್ಲದೆ ಅನೇಕ ರೈತ ಕುಟುಂಬಗಳೂ ಮನೆಯಲ್ಲಿಯೇ ಒಂದು ಸಣ್ಣ ಕಂಪ್ರೆಸರನ್ನು ಇಟ್ಟುಕೊಂಡಿವೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಬಂಡೆಯನ್ನು ಕೊರೆಯುವುದಕ್ಕೂ ಒತ್ತಡದ ಗಾಳಿಯೇ ಬಲ. ಅಲ್ಲಿನದು ದೊಡ್ಡ ಯಂತ್ರ, ನಮ್ಮದು ಸಣ್ಣದು. ತತ್ತ್ವ ಮಾತ್ರ ಒಂದೇ.

ನಮ್ಮ ತಂದೆಯವರು 1994ರಲ್ಲಿ ಒಂದು ಅಶ್ವಶಕ್ತಿಯ ಮೋಟಾರು ಮತ್ತು ನೂರು ಲೀಟರಿನ ಟ್ಯಾಂಕು ಇರುವ ಕಂಪ್ರೆಸರನ್ನು ಕೊಂಡು, ಮನೆಯ ಮುಂದಿನ ಪಡಸಾಲೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದರು. ನಮ್ಮ ಓದು, ತಂಗಿಯ ಮದುವೆ ಎಲ್ಲವೂ ಆ ಯಂತ್ರದ ದುಡಿಮೆಯಿಂದಲೇ ಆದವು. ಅಂಗಡಿ ಮುಚ್ಚಿ ವರ್ಷಗಳಾದರೂ ಯಂತ್ರ ಮಾತ್ರ ಉಳಿಯಿತು. ಮನೆಯ ಟ್ರ್ಯಾಕ್ಟರಿಗೂ, ಓಣಿಯವರ ದ್ವಿಚಕ್ರ ವಾಹನಗಳಿಗೂ ಗಾಳಿ ತುಂಬುತ್ತ ನಡೆದಿತ್ತು. ಹೋದ ಮಳೆಗಾಲದಲ್ಲಿ ಅದು ಸೋರತೊಡಗಿತು. ರಾತ್ರಿ ತುಂಬಿಸಿಟ್ಟ ಗಾಳಿ ಬೆಳಗಿಗೆ ಇರುತ್ತಿರಲಿಲ್ಲ. ಮೋಟಾರು ಪದೇ ಪದೇ ತಾನಾಗಿಯೇ ಶುರುವಾಗುತ್ತಿತ್ತು. "ಮೂವತ್ತು ವರ್ಷ ಅನ್ನ ಹಾಕೇತಿ, ಇದನ್ನ ಗುಜರಿಗೆ ಹಾಕೂದು ಬ್ಯಾಡ, ಚೂರು ಬೆಸುಗಿ ಹಾಕ್ಸಿದ್ರ ಮುಗೀತು" ಎಂಬುದು ತಂದೆಯವರ ನಿಲುವಾಗಿತ್ತು. ನಮಗೂ ಅದು ಸರಿಯೆಂದೇ ತೋರಿತ್ತು.

ಯಂತ್ರದ ಒಳಗೇನಿದೆ?

ಕಂಪ್ರೆಸರಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಮೊದಲನೆಯದು ಮೋಟಾರು. ಅದು ಬೆಲ್ಟಿನ ಮೂಲಕ ಎರಡನೆಯ ಭಾಗವಾದ ಹೆಡ್ಡನ್ನು ತಿರುಗಿಸುತ್ತದೆ. ಹೆಡ್ಡಿನೊಳಗಿನ ಪಿಸ್ಟನ್ನು ಹೊರಗಿನ ಗಾಳಿಯನ್ನು ಒಳಗೆಳೆದು, ಅದುಮಿ, ಮೂರನೆಯ ಭಾಗವಾದ ಟ್ಯಾಂಕಿಗೆ ತಳ್ಳುತ್ತದೆ. ತಳ್ಳಿದ ಗಾಳಿ ಹಿಂದಿರುಗದಂತೆ ತಡೆಯುವುದಕ್ಕೆ ನಡುವೆ ನಾನ್ ರಿಟರ್ನ್ ವಾಲ್ವು ಇದೆ. ನಿಗದಿಯಾದ ಒತ್ತಡ ಬಂದಾಗ ಪ್ರೆಷರ್ ಸ್ವಿಚ್ಚು ಮೋಟಾರನ್ನು ನಿಲ್ಲಿಸುತ್ತದೆ. ಅದು ಕೈಕೊಟ್ಟರೆ ಸೇಫ್ಟಿ ವಾಲ್ವು ತೆರೆದುಕೊಂಡು ಹೆಚ್ಚಿನ ಗಾಳಿಯನ್ನು ಹೊರಗೆ ಬಿಡುತ್ತದೆ. ಟ್ಯಾಂಕಿನ ತಳದಲ್ಲಿ ನೀರು ಬಿಡುವ ಸಣ್ಣ ಕೊಳಾಯಿ ಇರುತ್ತದೆ. ನಮ್ಮ ಕಥೆಯ ಸಾರವೆಲ್ಲ ಈ ಕೊಳಾಯಿಯಲ್ಲಿಯೇ ಅಡಗಿದೆ.

ಸೋರಿಕೆಯನ್ನು ಹುಡುಕುವ ಬಗೆ

ಸೋರಿಕೆ ಎಲ್ಲಿದೆ ಎಂದು ತಿಳಿಯದೆ ದುರಸ್ತಿಗೆ ಕೈ ಹಾಕುವುದು ವ್ಯರ್ಥ. ಗಾಳಿ ತುಂಬಿಸಿ, ಮೋಟಾರು ನಿಲ್ಲಿಸಿ, ವಿದ್ಯುತ್ತಿನ ಪ್ಲಗ್ಗನ್ನು ಕಿತ್ತಿಡಬೇಕು. ಬಟ್ಟೆ ಸೋಪನ್ನು ನೀರಿನಲ್ಲಿ ಕದಡಿ, ಬ್ರಷ್ಷಿನಿಂದ ಒಂದೊಂದೇ ಜೋಡಣೆಗೆ ಹಚ್ಚಬೇಕು. ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಹೆಚ್ಚಿನ ಮನೆಗಳಲ್ಲಿ ದೋಷ ಸಿಗುವುದು ರಬ್ಬರ್ ಪೈಪಿನ ಬಾಯಿಯಲ್ಲಿ, ಗೇಜಿನ ಬುಡದಲ್ಲಿ, ಕೊಳಾಯಿಯ ಮರೆಯಲ್ಲಿ. ಟ್ಯಾಂಕಿನ ಗಾಳಿಯನ್ನು ಪೂರ್ತಿ ಬಿಟ್ಟ ಮೇಲೆ ಜೋಡಣೆಯನ್ನು ಬಿಚ್ಚಿ, ಮರೆಗೆ ಟೆಫ್ಲಾನ್ ಟೇಪು ಸುತ್ತಿ ಬಿಗಿದರೆ ಇವು ಸರಿಹೋಗುತ್ತವೆ. ಗಾಳಿ ತುಂಬಿರುವಾಗ ಯಾವ ನಟ್ಟನ್ನೂ ಬಿಚ್ಚಲೇಬಾರದು.

ಮೋಟಾರು ನಿಂತ ಕ್ಷಣ ಪ್ರೆಷರ್ ಸ್ವಿಚ್ಚಿನ ಬಳಿ 'ಸುಸ್' ಎಂದು ಸ್ವಲ್ಪ ಗಾಳಿ ಹೋಗುವುದು ದೋಷವಲ್ಲ. ಮುಂದಿನ ಬಾರಿ ಮೋಟಾರು ಹಗುರವಾಗಿ ಶುರುವಾಗಲೆಂದು ಮಾಡಿರುವ ಏರ್ಪಾಡು ಅದು. ಆ ಸದ್ದು ನಿಲ್ಲದೆ ಮುಂದುವರಿದರೆ ನಾನ್ ರಿಟರ್ನ್ ವಾಲ್ವು ಸರಿಯಾಗಿ ಕೂಡುತ್ತಿಲ್ಲವೆಂದು ತಿಳಿಯಬೇಕು. ಯಂತ್ರ ನಡೆಯುವಾಗ ಗಾಳಿ ಎಳೆಯುವ ಬಾಯಿಯಿಂದಲೇ ಹೊರಗೆ ಊದುತ್ತಿದ್ದರೆ ಹೆಡ್ಡಿನ ವಾಲ್ವು ಪ್ಲೇಟು ಕೆಟ್ಟಿದೆ. ಬಹಳ ಹೊತ್ತು ಓಡಿದರೂ ಒತ್ತಡ ಏರದೆ ಎಣ್ಣೆಯೂ ಬೇಗ ತೀರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿದೆ. ಇವೆಲ್ಲ ದುರಸ್ತಿಗೆ ಒಗ್ಗುವ ದೋಷಗಳು.

ಸೋರಿಕೆ ಎಷ್ಟೆಂಬುದನ್ನೂ ಅಳೆಯಬಹುದು. ನೂರು ಲೀಟರಿನ ಟ್ಯಾಂಕಿನಲ್ಲಿ ಒತ್ತಡವು ಹತ್ತು ನಿಮಿಷದಲ್ಲಿ 7 ಕಿಲೋದಿಂದ 5 ಕಿಲೋಕ್ಕೆ ಇಳಿದರೆ, ಹೊರಗಿನ ಲೆಕ್ಕದಲ್ಲಿ ಸುಮಾರು 200 ಲೀಟರು, ಎಂದರೆ ನಿಮಿಷಕ್ಕೆ 20 ಲೀಟರು ಗಾಳಿ ಪೋಲಾಯಿತೆಂದು ಅರ್ಥ. ಇದನ್ನು ತುಂಬಲು ಒಂದು ಅಶ್ವಶಕ್ತಿಯ ಮೋಟಾರು ದಿನಕ್ಕೆ ಒಂದು ತಾಸು ಹೆಚ್ಚಾಗಿ ಓಡಿದರೂ ತಿಂಗಳಿಗೆ ಸುಮಾರು 25ರಿಂದ 30 ಯೂನಿಟ್ಟು ವಿದ್ಯುತ್ತು ವ್ಯರ್ಥ.

ತಳದ ತುಕ್ಕು

ನಾವು ಸೋಪಿನ ನೀರು ಹಚ್ಚುತ್ತ ಹೋದಾಗ ಮೇಲಿನ ಜೋಡಣೆಗಳಲ್ಲಿ ಎರಡು ಕಡೆ ಗುಳ್ಳೆ ಎದ್ದವು. ಸಂತೋಷಪಟ್ಟೆವು. ಆದರೆ ಟ್ಯಾಂಕಿನ ಹೊಟ್ಟೆಯ ಕೆಳಗೆ ಕೈಯಾಡಿಸಿದಾಗ ಬಣ್ಣ ಹೊಪ್ಪಳಿಕೆಯಾಗಿ ಎದ್ದುಬಂದಿತು. ಸೂಜಿಯ ಮೊನೆಯಷ್ಟು ತೂತಿನಿಂದ ಗಾಳಿಯೊಡನೆ ಕೆಂಪು ನೀರು ಜಿನುಗುತ್ತಿತ್ತು. ತಂದೆಯವರು ಪ್ರತಿವರ್ಷ ಆಯುಧಪೂಜೆಯ ದಿನ ಯಂತ್ರವನ್ನು ತೊಳೆದು, ಒರೆಸಿ, ಹೂ ಏರಿಸಿ ಪೂಜಿಸುತ್ತಿದ್ದರು. ತಳದ ಕೊಳಾಯಿಯನ್ನು ಮಾತ್ರ ತೆರೆಯುತ್ತಿದ್ದುದು ಅದೊಂದೇ ದಿನ.

ಗಾಳಿಯಲ್ಲಿ ಸದಾ ತೇವವಿರುತ್ತದೆ. ಅದುಮಿದಾಗ ಕಾದ ಗಾಳಿ ಟ್ಯಾಂಕಿನಲ್ಲಿ ತಣ್ಣಗಾದಂತೆ ಆ ತೇವವು ನೀರಾಗಿ ತಳದಲ್ಲಿ ನಿಲ್ಲುತ್ತದೆ. ನೀರು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಬಳಿದಿದ್ದರೆ ಕಣ್ಣಿಗೆ ಏನೂ ಕಾಣದು. ಆದ್ದರಿಂದ ಜೋಡಣೆಯ ಸೋರಿಕೆಯೂ ಟ್ಯಾಂಕಿನ ಸೋರಿಕೆಯೂ ಒಂದೇ ಅಲ್ಲ. ಮೊದಲನೆಯದು ಖರ್ಚಿನ ವಿಷಯ. ಎರಡನೆಯದು ತಗಡು ಸುತ್ತಲೂ ತೆಳುವಾಗಿದೆ ಎಂಬ ಎಚ್ಚರಿಕೆ.

ರಾಯಚೂರಿನ ಮೇಸ್ತ್ರಿಯ ಮಾತು

ಮಾನ್ವಿಯಲ್ಲಿ ಒಬ್ಬರು ಬೆಸುಗೆ ಹಾಕಿಕೊಡಲು ಸಿದ್ಧರಿದ್ದರು. ಹೆಡ್ಡಿನ ಕೆಲಸವೂ ಇದ್ದುದರಿಂದ ಯಂತ್ರವನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ರಾಯಚೂರಿಗೆ ಒಯ್ದೆವು. ಅಲ್ಲಿನ ವಯಸ್ಸಾದ ಮೇಸ್ತ್ರಿಯೊಬ್ಬರು ಟ್ಯಾಂಕನ್ನು ಮಗುಚಿ, ಸಣ್ಣ ಸುತ್ತಿಗೆಯಿಂದ ಬಡಿದು ನೋಡಿದರು. ಮೇಲ್ಭಾಗದಲ್ಲಿ ಗಂಟೆಯಂತೆ ಬಂದ ನಾದ ತಳದಲ್ಲಿ ಬೊದ್ದು ಹೊಡೆಯಿತು. "ನೀವು ಎಷ್ಟು ರೊಕ್ಕ ಕೊಟ್ರೂ ಇದಕ್ಕ ನಾ ಬೆಸುಗಿ ಹಾಕೂದಿಲ್ರಿ ಅಪ್ಪಾರ. ತೂತು ಒಂದು ಮುಚ್ಚತೈತಿ, ಅದರ ಬಾಜೂಕ ಇರೂ ತಗಡು ಹಾಳಿ ಆಗೇತಿ" ಎಂದರು. ತಂದೆಯವರು ಮುಖ ಸಪ್ಪಗೆ ಮಾಡಿದರು.

ಆಗ ಮೇಸ್ತ್ರಿಯವರು ನೆಲದ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆದು ತೋರಿಸಿದರು. ಟ್ಯಾಂಕಿನ ಮುಚ್ಚಳದ ಅಡ್ಡಳತೆ 30 ಸೆಂಟಿಮೀಟರಾದರೆ ಅದರ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿನ ಮೇಲೆ 7 ಕಿಲೋ ಒತ್ತಡ. ಎರಡನ್ನೂ ಗುಣಿಸಿದರೆ 4,949 ಕಿಲೋ. ನಮ್ಮ ಕಡೆಯ 75 ಕಿಲೋದ ಭತ್ತದ ಚೀಲದ ಲೆಕ್ಕದಲ್ಲಿ ಅರವತ್ತಾರು ಚೀಲಗಳ ಭಾರ! ಅಷ್ಟು ಬಲ ಒಂದೊಂದು ಮುಚ್ಚಳವನ್ನೂ ಒಳಗಿನಿಂದ ದೂಡುತ್ತಿರುತ್ತದೆ. ಹಾಳೆಯಂತಾದ ತಗಡು ಹರಿದರೆ ಗಾಳಿ ಸೋರುವುದಿಲ್ಲ, ಸಿಡಿಯುತ್ತದೆ. ಆ ಯಂತ್ರದ ಪಕ್ಕದಲ್ಲಿಯೇ ಮೊಮ್ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದುದು ತಂದೆಯವರಿಗೆ ನೆನಪಾಗಿರಬೇಕು. ಅವರು ಮರುಮಾತನಾಡಲಿಲ್ಲ.

ಟ್ಯಾಂಕಿನ ಬಲವನ್ನು ಪರೀಕ್ಷಿಸಬೇಕಾದರೆ ಗಾಳಿಯಿಂದಲ್ಲ, ನೀರಿನಿಂದ ಪರೀಕ್ಷಿಸುತ್ತಾರೆ. ಒಳಗೆ ಗಾಳಿಯ ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಸುಮಾರು ಒಂದೂವರೆ ಪಟ್ಟು ಏರಿಸುತ್ತಾರೆ. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲವಾದ್ದರಿಂದ ಟ್ಯಾಂಕು ಬಿರಿದರೂ ಸ್ವಲ್ಪ ನೀರು ಚಿಮ್ಮಿ ಒತ್ತಡ ಇಳಿದುಬಿಡುತ್ತದೆ. ಇದು ಅನುಭವಿಗಳ ಕೆಲಸ. ಕಾರ್ಖಾನೆಗಳಲ್ಲಿ ಇಂತಹ ಎಚ್ಚರಿಕೆಗೆ ಕಾನೂನೇ ಹುಟ್ಟಿತ್ತು. 1948ರ ಕಾರ್ಖಾನೆಗಳ ಕಾಯಿದೆಯ 31ನೆಯ ಕಲಮು ಒತ್ತಡದ ಯಂತ್ರಗಳಿಗೆಂದೇ ಇದ್ದಿತು. ಮನೆಯ ಪಡಸಾಲೆಗೆ ಪರಿವೀಕ್ಷಕರು ಬರುವುದಿಲ್ಲ. ಅಲ್ಲಿ ಯಜಮಾನನೇ ಪರಿವೀಕ್ಷಕ.

ಏನನ್ನು ಉಳಿಸಬೇಕು, ಏನನ್ನು ಬಿಡಬೇಕು?

ಮೇಸ್ತ್ರಿಯವರ ಸಲಹೆಯನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸುತ್ತೇವೆ. ಟ್ಯಾಂಕು ಗಟ್ಟಿಯಿದ್ದು ಜೋಡಣೆ, ವಾಲ್ವು, ರಿಂಗು, ಬೆಲ್ಟುಗಳು ಮಾತ್ರ ಕೆಟ್ಟಿದ್ದರೆ ದುರಸ್ತಿಯೇ ಲಾಭ. ಟ್ಯಾಂಕು ತುಕ್ಕು ಹಿಡಿದು ತೂತಾಗಿದ್ದು ಹೆಡ್ಡು, ಮೋಟಾರು ಚೆನ್ನಾಗಿದ್ದರೆ ಹೊಸ ಟ್ಯಾಂಕನ್ನು ಕೊಂಡು ಅದರ ಮೇಲೆ ಹಳೆಯವನ್ನೇ ಕೂರಿಸಬಹುದು. ಮೂರೂ ಸವೆದಿದ್ದು ದುರಸ್ತಿಯ ವೆಚ್ಚ ಹೊಸ ಯಂತ್ರದ ಬೆಲೆಯ ಅರ್ಧವನ್ನು ದಾಟುವಂತಿದ್ದರೆ ಹೊಸದೇ ಲೇಸು.

ಹೊಸದನ್ನು ಕೊಳ್ಳುವವರು ಅಶ್ವಶಕ್ತಿಯನ್ನಷ್ಟೇ ಕೇಳಬಾರದು. ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಎಂದು ಕೇಳಬೇಕು. ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಬೇಕಾಗುವುದು ಕಡಮೆ ಒತ್ತಡ, ಬಹಳ ಗಾಳಿ. ಕಾರಿನ ಗಾಲಿಗೆಂದು ಮಾರುವ ಕೈಯಳತೆಯ ಪಂಪು ಅಲ್ಲಿ ಸಾಲದು. ಎಣ್ಣೆಯಿಲ್ಲದೆ ನಡೆಯುವ ಸಣ್ಣ ಯಂತ್ರಗಳು ಹಗುರ, ಆದರೆ ಸದ್ದು ಹೆಚ್ಚು; ದಿನವೂ ದುಡಿಸುವವರಿಗೆ ಬೆಲ್ಟಿನ ಯಂತ್ರವೇ ಬಾಳಿಕೆಯದು. ಹಳ್ಳಿಗಳಲ್ಲಿ ಓಲ್ಟೇಜು ಇಳಿದಾಗ ಮೋಟಾರು ಶುರುವಾಗದೆ ಗುಂಯ್‌ಗುಟ್ಟುತ್ತ ನಿಂತರೆ ತಕ್ಷಣ ಆರಿಸಬೇಕು. ಇಲ್ಲದಿದ್ದರೆ ಸುತ್ತುಗಳು ಸುಟ್ಟುಹೋಗುತ್ತವೆ. ಅರ್ಥಿಂಗ್ ತಂತಿ ಕಡ್ಡಾಯವಾಗಿ ಇರಬೇಕು.

ಇನ್ನೆರಡು ಎಚ್ಚರಿಕೆಗಳು. ಹೊಲಕ್ಕೆ ತಂದು ಉಳಿದ ಪಿ.ವಿ.ಸಿ. ಪೈಪಿನಲ್ಲಿ ಒತ್ತಡದ ಗಾಳಿಯನ್ನು ಹರಿಸಬಾರದು. ಅದು ಒಡೆದರೆ ಗಾಜಿನಂತೆ ಚೂರುಚೂರಾಗಿ ಹಾರುತ್ತದೆ. ಮೈಮೇಲಿನ ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದಿಕೊಳ್ಳುವ ರೂಢಿಯೂ ಕೆಟ್ಟದ್ದು. ಕಣ್ಣು, ಕಿವಿಗಳಿಗೆ ಅಪಾಯ. ಇನ್ನು ತಳದ ಕೊಳಾಯಿಯನ್ನು ಯಂತ್ರ ನಡೆಸಿದ ಪ್ರತಿದಿನ ಸಂಜೆ ತೆರೆದು ನೀರು ಬಿಡಬೇಕು. ಎರಡು ನಿಮಿಷದ ಕೆಲಸ.

ಹಳೆಯ ಟ್ಯಾಂಕಿನ ಗತಿ

ನಮ್ಮ ಹೆಡ್ಡಿಗೆ ಹೊಸ ರಿಂಗು, ಹೊಸ ವಾಲ್ವು ಪ್ಲೇಟು ಹಾಕಿಸಿ, ಹೊಸ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬಂದೆವು. ಹಳೆಯ ಟ್ಯಾಂಕು ಅಂಗಳದ ಮೂಲೆ ಸೇರಿತು. ವಾರದೊಳಗೆ ದೇವದುರ್ಗದಿಂದ ತಂಗಿಯ ಮಾವನವರು ಬಂದರು. ಅದನ್ನು ಕಂಡು, "ಸುಮ್ನ ಗುಜರಿಗೆ ಯಾಕ ಹಾಕ್ತೀರಿ ಬೀಗರ, ನಮಗ ಕೊಡ್ರಿ. ಬೆಸುಗಿ ಹಾಕ್ಸಿ ಟ್ರ್ಯಾಕ್ಟರ್ ಶೆಡ್ಡಿನಾಗ ಇಟ್ಕೋತೀವಿ" ಎಂದರು. ಬೀಗರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ನಮ್ಮಲ್ಲಿ ಸುಲಭದ ಮಾತಲ್ಲ. ನಾವು ಏನು ಹೇಳಬೇಕೆಂದು ತಿಳಿಯದೆ ತಂದೆಯವರ ಮುಖ ನೋಡಿದೆವು.

ತಂದೆಯವರು ಎದ್ದು, ಅವರ ಕೈ ಹಿಡಿದುಕೊಂಡು ಹೋಗಿ, ಟ್ಯಾಂಕನ್ನು ಮಗುಚಿ ತಳವನ್ನು ಮುಟ್ಟಿಸಿದರು. "ಬೀಗರ, ನನ್ನ ಮೊಮ್ಮಕ್ಕಳಿಗೆ ಬ್ಯಾಡಾದ್ದು ನಿಮ್ಮ ಮೊಮ್ಮಕ್ಕಳಿಗೆ ಹೆಂಗ ಕೊಡ್ಲಿ? ಅವರೂ ನನ್ನ ಮೊಮ್ಮಕ್ಕಳ ಅಲ್ಲೇನ್ರಿ?" ಎಂದರು. ಬಳಿಕ ಗುಜರಿಯವನ ಕೈಯಿಂದ ಇನ್ಯಾರ ಮನೆಗೂ ಅದು ಹೋಗದಿರಲೆಂದು, ಕೊಳಾಯಿ ತೆರೆದು ಗಾಳಿ, ನೀರು ಇಲ್ಲವೆಂದು ಖಚಿತಪಡಿಸಿಕೊಂಡು, ಉಳಿ ಸುತ್ತಿಗೆಯಿಂದ ತಳದಲ್ಲಿ ಅಂಗೈಯಗಲದ ತೂತನ್ನು ತಾವೇ ಹೊಡೆದರು. ಉಳಿ ಎರಡೇ ಪೆಟ್ಟಿಗೆ ಒಳಗಿಳಿಯಿತು. ಬೀಗರು ಅದನ್ನು ನೋಡಿ ಒಂದು ಮಾತನ್ನೂ ಆಡಲಿಲ್ಲ; ಊಟವಾದ ಮೇಲೆ ರಾಯಚೂರಿನ ಮೇಸ್ತ್ರಿಯ ವಿಳಾಸವನ್ನು ಕೇಳಿ ಬರೆದುಕೊಂಡರು.

ಈಗ ಪ್ರತಿದಿನ ಸಂಜೆ ಹೊಸ ಟ್ಯಾಂಕಿನ ಕೊಳಾಯಿಯನ್ನು ತೆರೆಯುವ ಕೆಲಸವನ್ನು ತಂದೆಯವರು ತಮ್ಮದಾಗಿಸಿಕೊಂಡಿದ್ದಾರೆ.