ಹೋಸ್ ಪೈಪಿನಲ್ಲಿ ಉಳಿಸಲು ಹೋಗಿ...

ನಮ್ಮದು ಚಳ್ಳಕೆರೆ ಕಡೆಯ ಮಳೆಯಾಶ್ರಿತ ಕೆಂಪು ಹೊಲ. ಶೇಂಗಾ, ತೊಗರಿ ಬಿಟ್ಟರೆ ಬದುವಿನಲ್ಲಿ ಒಂದಷ್ಟು ಹುಣಸೆ ಸಸಿ. ಬೇಸಿಗೆಯಲ್ಲಿ ಇವಕ್ಕೆ ನೀರು ಹೊರೋದೇ ದೊಡ್ಡ ಕೆಲಸ. ಅದಕ್ಕಾಗಿ ನಾನೂ ಮಗನೂ ಸೇರಿ ಒಂದು ಗಾಡಿ ಕಟ್ಟಿದೆವು. ಗುಜರಿಯ ಜೀಪ್ ಚಾಸಿ, ಯಾವುದೋ ಕಾರಿನ ಡೀಸೆಲ್ ಎಂಜಿನ್, ಇನ್ಯಾವುದೋ ವ್ಯಾನಿನ ರೇಡಿಯೇಟರ್. ಹೊಲದೊಳಗೆ ಮಾತ್ರ ಓಡಾಟ, ರಸ್ತೆಗೆ ತರುವ ಹಾಗಿಲ್ಲ.

ಮುಂದೆ ಜಾಗ ಸಾಲಲಿಲ್ಲ. ರೇಡಿಯೇಟರನ್ನು ಕರೆಂಟ್ ಫ್ಯಾನಿನ ಸಮೇತ ಸೀಟಿನ ಹಿಂದೆ ಕೂರಿಸಿದೆವು. ಎಂಜಿನ್‌ನಿಂದ ಅಲ್ಲಿಗೆ ಐದಡಿ. ಕಂಪನಿ ಗಾಡಿಗಾದರೆ ಅಳತೆಗೆ ಬಾಗಿಸಿದ ಹೋಸ್ ಸಿಗುತ್ತದೆ, ನಮ್ಮಂಥ ಗಾಡಿಗೆ ಎಲ್ಲಿಂದ ತರೋದು? ಪಂಪಿಗೆ ತಂದು ಉಳಿದಿದ್ದ ಹಸಿರು ಪಿವಿಸಿ ಪೈಪು ಮನೆಯಲ್ಲಿತ್ತು. ದಪ್ಪಗಿದೆ, ಗಟ್ಟಿಯಾಗಿದೆ ಅಂತ ಅದನ್ನೇ ಕ್ಲಿಪ್ ಹಾಕಿ ಬಿಗಿದೆ.

ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ನಡುಮಧ್ಯಾಹ್ನ ಪೈಪು ಮೆತ್ತಗಾಗಿ ಉಬ್ಬಿ ಒಡೆಯಿತು. ಕುದಿಯುವ ನೀರು ಮಗನ ಮುಂಗೈ ಮೇಲೆ ಬಿತ್ತು. ಪುಣ್ಯಕ್ಕೆ ಟ್ಯಾಂಕಿನಲ್ಲಿ ತಣ್ಣೀರಿತ್ತು. ಇಪ್ಪತ್ತು ನಿಮಿಷ ಕೈ ಮೇಲೆ ಬಿಡುತ್ತಲೇ ಇದ್ದು, ಆಮೇಲೆ ಆಸ್ಪತ್ರೆಗೆ ಓಡಿದೆವು. ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ಟೂ ಹೋಗಿತ್ತು. ಆದರೆ ಆ ದಿನ ಅದು ಯಾರಿಗೆ ಬೇಕಿತ್ತು?

"ಏನ್ ಯಜಮಾನ್ರೇ, ಬೋರಿನ ಪೈಪು ತಂದು ಎಂಜಿನ್‌ಗೆ ಹಾಕಿದೀರಲ್ಲ" ಅಂದ ಮೆಕ್ಯಾನಿಕ್ ಹುಡುಗ. ಅವನು ಹೇಳಿದ್ದು ಇಷ್ಟು. ಪಿವಿಸಿ ಅರವತ್ತು ಎಪ್ಪತ್ತು ಡಿಗ್ರಿಗೇ ಮೆತ್ತಗಾಗುತ್ತದೆ. ಎಂಜಿನ್ ನೀರು ಸುಮ್ಮನೆ ಓಡುವಾಗಲೇ ತೊಂಬತ್ತರ ಆಸುಪಾಸು ಇರುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಡುವುದರಿಂದ ನೂರು ದಾಟಿದರೂ ಕುದಿಯುವುದಿಲ್ಲ, ಆದರೆ ಆ ಒತ್ತಡವನ್ನೆಲ್ಲ ಹೋಸೇ ತಡೆಯಬೇಕು.

ಡೀಸೆಲ್ ಪೈಪು ಹಾಕೋಣವೇ ಅಂದೆ. ಅದು ನೈಟ್ರೈಲ್ ರಬ್ಬರು. ಎಣ್ಣೆಗೆ ಜಗ್ಗುವುದಿಲ್ಲ, ಆದರೆ ಬಿಸಿಗೆ ಪೆಡಸಾಗಿ ಬಿಸಿಲಿಗೆ ಬಿರುಕು ಬಿಡುತ್ತದೆ. ಇಪಿಡಿಎಂ ಅನ್ನುವ ಕಪ್ಪು ರಬ್ಬರಿನ ಗುಣ ಇದಕ್ಕೆ ತದ್ವಿರುದ್ಧ. ಬಿಸಿನೀರು, ಕೂಲೆಂಟ್, ಬಿಸಿಲು ಎಲ್ಲ ತಡೆಯುತ್ತದೆ, ಎಣ್ಣೆ ತಾಗಿದರೆ ಮಾತ್ರ ಊದಿಕೊಳ್ಳುತ್ತದೆ. ನಮ್ಮ ಎಂಜಿನ್ ಎಣ್ಣೆ ತೊಟ್ಟಿಕ್ಕುವ ಜಾತಿ. ಹಾಗಾಗಿ ಮೊದಲು ಸೋರಿಕೆ ನಿಲ್ಲಿಸಿದೆವು. ಅಂಗಡಿಯವರು ನೀಲಿ ಬಣ್ಣದ ಸಿಲಿಕಾನ್ ಹೋಸ್ ತೋರಿಸಿದರು. ನೂರೆಂಬತ್ತು ಡಿಗ್ರಿವರೆಗೆ ತಾಳುತ್ತದಂತೆ. ನೋಡಲೂ ಚೆಂದ. ಬೆಲೆ ಕೇಳಿ ಕೈ ಬಿಟ್ಟೆ. ಅದಕ್ಕೂ ಎಣ್ಣೆ ಆಗದು, ಮಾಮೂಲಿ ಕ್ಲಿಪ್ ಕಚ್ಚಿದರೆ ಕತ್ತರಿಸಿಕೊಳ್ಳುತ್ತದೆ, ಆವಿ ಮೆಲ್ಲಗೆ ಅದರ ಮೂಲಕವೇ ಹೊರಹೋಗಿ ನೀರು ಕಮ್ಮಿಯಾಗುತ್ತದೆ. ನಮ್ಮ ಗಾಡಿಯ ಬಿಸಿಗೆ ಅಷ್ಟು ಬೇಕಿಲ್ಲ.

ಕೊನೆಗೆ ಮಾಡಿದ್ದು ಹೀಗೆ. ಉದ್ದದ ದಾರಿಗೆಲ್ಲ ಸ್ಟೀಲ್ ಪೈಪು, ತುದಿಗಳಲ್ಲಿ ಮಾತ್ರ ಒಳಗೆ ಬಟ್ಟೆ ನೇಯ್ದ ಇಪಿಡಿಎಂ ತುಂಡು. ಎಂಜಿನ್ ಅಲುಗಾಡುವುದರಿಂದ ರಬ್ಬರು ಬೇಕೇ ಬೇಕು. ಸ್ಟೀಲ್ ಪೈಪಿನ ತುದಿಯಲ್ಲಿ ಸುತ್ತಲೂ ಒಂದು ಉಬ್ಬು ಮಾಡಿಸಿ, ಕ್ಲಿಪ್ಪನ್ನು ಅದರ ಹಿಂದೆ ಬಿಗಿಯಬೇಕು. ಇಲ್ಲದಿದ್ದರೆ ಹೋಸ್ ಜಾರುತ್ತದೆ. ಕೆಳಗಿನ ಹೋಸಿನೊಳಗೆ ಒಂದು ಸ್ಪ್ರಿಂಗ್. ಬಾವಿ ಪಂಪಿನ ಸಕ್ಷನ್ ಪೈಪು ಹೀರಿಕೊಂಡು ಚಪ್ಪಟೆಯಾಗೋದು ನಿಮಗೂ ಗೊತ್ತು, ಇಲ್ಲೂ ಅದೇ ಕತೆ. ನೀರು ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರಲಿ. ಇಲ್ಲದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ.

ನಮ್ಮ ಬೋರಿನ ಗಡಸು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಅರ್ಧ ಕೂಲೆಂಟ್, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕುತ್ತೇವೆ. ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ನಾಯಿ, ದನ ನೆಕ್ಕದಂತೆ ನೋಡಿಕೊಳ್ಳಿ.

ಹೋಸ್ ಹೊರಗೆ ಹೊಸದರಂತೆ ಕಂಡರೂ ಒಳಗಿನಿಂದ ಸೀಳುತ್ತದೆ, ಅದೂ ಕ್ಲಿಪ್ಪಿನ ಹತ್ತಿರ. ತಣ್ಣಗಿರುವಾಗ ತುದಿಯನ್ನೂ ನಡುವನ್ನೂ ಬೆರಳಲ್ಲಿ ಒತ್ತಿ ನೋಡುತ್ತೇನೆ. ತುದಿ ಮೆತ್ತಗಿದ್ದರೆ ಬದಲಿಸುವುದೇ. ಕಳೆದ ತಿಂಗಳು ಕೆಳಗಿನ ತುಂಡು ಹಾಗೆ ಸಿಕ್ಕಿತು, ಬದಲಿಸಿದೆವು. ಮಗ ಈಗಲೂ ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಲ್ಲ, ನಾನು ಅವಸರ ಮಾಡಿದರೆ ಬೈತಾನೆ.