ಬಿಲ್ಲಿನಿಂದ ಟ್ರಿಗರ್‌ವರೆಗೆ

ಬೇಲೂರಿನ ದೇವಾಲಯದಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯ ಶಿಲ್ಪವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಬಿಲ್ಲು ಬಾಗಿದಾಗ ಅದರಲ್ಲಿ ಪ್ರಚ್ಛನ್ನ ಶಕ್ತಿ ಸೇರುತ್ತದೆ. ಬಾಣ ಬಿಡುವವರೆಗೂ ಅದನ್ನು ತಡೆದಿಡುವುದು ಬೆರಳು. ಟಿಪ್ಪು ಸುಲ್ತಾನರ ಕಾಲದ ಚಕಮಕಿ ಕೋವಿಯಲ್ಲಿ ಆ ಕೆಲಸ ಒಂದು ಸಣ್ಣ ಕೊಕ್ಕೆಯದು.

ಅದಕ್ಕೂ ಹಿಂದಿನ ಕೋವಿಗಳಲ್ಲಿ ಮದ್ದು ಹೊತ್ತಿಸಲು ಉರಿಯುವ ಬತ್ತಿ ಬೇಕಿತ್ತು. ಮಳೆ ಬಂದರೆ ಬತ್ತಿ ಆರುತ್ತಿತ್ತು. ಕತ್ತಲಲ್ಲಿ ಅದರ ಕೆಂಡವೇ ಸಿಪಾಯಿಯ ಜಾಗವನ್ನು ಶತ್ರುವಿಗೆ ತೋರಿಸುತ್ತಿತ್ತು.

ಚಕಮಕಿ ಕೋವಿಯಲ್ಲಿ ಕಲ್ಲು ಸಿಕ್ಕಿಸಿದ ‘ಕುದುರೆ’ಯನ್ನು ಹಿಂದಕ್ಕೆ ಎಳೆದರೆ ಒಳಗಿನ ಸ್ಪ್ರಿಂಗ್ ಬಾಗುತ್ತದೆ. ಕೊಕ್ಕೆ ಅದನ್ನು ಹಿಡಿಯುತ್ತದೆ. ಟ್ರಿಗರ್ ಒಂದು ಸನ್ನೆ ಮಾತ್ರ. ಬೆರಳಿನ ಒತ್ತಡದಿಂದ ಕೊಕ್ಕೆ ಬಿಡಿಸುತ್ತದೆ. ಕುದುರೆ ಮುಂದಕ್ಕೆ ಬಡಿದು, ಕಲ್ಲು ಉಕ್ಕಿಗೆ ಉಜ್ಜಿ, ಕಿಡಿ ಬಟ್ಟಲಿನ ಮದ್ದಿಗೆ ಬೀಳುತ್ತದೆ. ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುವ ನಮ್ಮ ಪಿಯುಸಿ ಪಾಠವೇ ಇದು.

ಈ ತಂತ್ರ ಯೂರೋಪಿನದು. 1788ರಲ್ಲಿ ಫ್ರಾನ್ಸಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದರು. ಶ್ರೀರಂಗಪಟ್ಟಣದಲ್ಲೇ ಕೋವಿಗಳು ತಯಾರಾದವು. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಹಲವು ಕೋವಿಗಳು ಕೊಳ್ಳೆಯಾಗಿ ಬ್ರಿಟನ್ ಸೇರಿದವು. ಹುಲಿಪಟ್ಟೆಯ ಅಲಂಕಾರದಿಂದ ಅವನ್ನು ಇಂದಿಗೂ ಗುರುತಿಸುತ್ತಾರೆ. ಬೇರೆಯವರಿಂದ ಕಲಿಯಲು ಸಂಕೋಚಪಡದೆ, ಕಲಿತದ್ದನ್ನು ಕೈಯಾರೆ ಮಾಡಿದ ನಮ್ಮ ನಾಡಿನ ಕುಶಲಕರ್ಮಿಗಳ ಗುರುತೂ ಅದೇ.